ಹಳದಿ ಚುಕ್ಕೆಯವಳ ಬಾಗಿಲು

ಎಲ್‌ಸ್ಪೇಟ್,
೧೪ ಜುಲೈ ೧೯೫೬, ಶನಿವಾರ ಸಂಜೆ

ನನ್ನ ಮುದ್ದಿನ ಅಮ್ಮಾ,

ನಿನ್ನ ಮೊಣಕಾಲು ನೋವು ಹೇಗಿದೆ? ಅಪ್ಪನ ಕೆಮ್ಮು ಇಳಿಯಿತಾ? ನಾನು ಚೆನ್ನಾಗಿದ್ದೇನೆ. ಮದುವೆಯಾಗಿ ಐದು ವಾರವಾದರೂ ಎವರ್ಟ್‌ನ ಸೈಕಲ್ ಗಂಟೆ ಕೇಳಿದರೆ ಎದೆ ಹಾರುತ್ತದೆ, ನಗಬೇಡ. ಇವತ್ತು ಮಾತ್ರ ಸುಸ್ತಾಗಿ ಹೋಗಿದ್ದೇನೆ. ಅಂಗೈಯಲ್ಲಿ ಬೊಬ್ಬೆ ಎದ್ದಿದೆ.

ಇಲ್ಲಿ ಭಾನುವಾರಕ್ಕೆಂದು ಪ್ರತಿ ಶನಿವಾರ ಮರಳಿನ ಅಂಗಳ ಗುಡಿಸಿ, ಪೊರಕೆಯಿಂದಲೇ ಮೀನಿನ ಮುಳ್ಳಿನ ಹಾಗೆ ಗೀರೆಳೆಯಬೇಕು. “ಹೇಗ್‌ನ ಇಂಗ್ಲಿಷ್ ಶಾಲೇಲಿ ಪೊರಕೆ ಹಿಡಿಯೋದೊಂದು ಬಿಟ್ಟು ಎಲ್ಲಾ ಕಲಿಸಿದಾರೆ, ಪಾಪ” ಎಂದು ಅತ್ತೆ ಮೊದಲ ವಾರವೇ ಅಂದಿದ್ದರು. ಇವತ್ತು ಅವರು ತಂಗಿಯ ಮನೆಗೆ ಹೋದಾಗ, ಅವರು ಎಂದೂ ಗುಡಿಸದ ಪಂಪಿನಾಚೆಯ ಮೂಲೆಯನ್ನೂ ಗುಡಿಸಿದೆ. ನನ್ನ ಪರೀಕ್ಷೆಗೆಂದೇ ಬಿಟ್ಟಿದ್ದಾರೆ ಅಂದುಕೊಂಡಿದ್ದೆ.

ಎವರ್ಟ್ ಮೂರು ಬೇಸಿಗೆಯಿಂದ ನೋಡುತ್ತಿರುವ ಬೇಟೆ ಕಣಜಗಳ ಮೂಲೆ ಅದು. ಗೂಡು ನೆಲದೊಳಗಲ್ಲವೇ, ಮೇಲೆ ಗುಡಿಸಿದರೇನು ಎಂದುಕೊಂಡೆ. ಅವುಗಳಲ್ಲಿ, ಗುರುತು ಸಿಗಲೆಂದು ಅವನು ಬೆನ್ನಿಗೆ ಹಳದಿ ಬಣ್ಣದ ಚುಕ್ಕೆ ಇಟ್ಟ ಒಬ್ಬಳಿದ್ದಾಳೆ. ರಾಣಿಯಿಲ್ಲ, ಅಕ್ಕತಂಗಿಯರಿಲ್ಲ, ಮೂರು ಬಿಲ, ಬಿಲಕ್ಕೊಂದು ಮರಿ, ಎಲ್ಲ ಒಬ್ಬಳೇ. ಬೆಳಿಗ್ಗೆ ಬಾಗಿಲಿನ ಕಲ್ಲು ಸರಿಸಿ, ಮರಿ ಎಷ್ಟು ತಿಂದಿದೆ ಎಂದು ನೋಡಿ, ಅಷ್ಟಕ್ಕೆ ತಕ್ಕಂತೆ ಬೇಟೆ ತರುತ್ತಾಳೆ. ಇವತ್ತು ತನಗಿಂತ ಉದ್ದದ ಹಸಿರು ಹುಳುವನ್ನು ಎಳೆದುಕೊಂಡು ಬಂದಳು. ಬಾಗಿಲು ಹುಡುಕಲು ಅವಳು ಗುರುತಿಟ್ಟುಕೊಂಡಿದ್ದ ಕಡ್ಡಿಯಿಲ್ಲ, ಪೈನ್ ಕಾಯಿಯಿಲ್ಲ, ಎಲ್ಲ ನಾನೇ ಗುಡಿಸಿ ಹಾಕಿದ್ದೆ. ಹುಳುವನ್ನು ಕೆಳಗಿಟ್ಟು ಹುಡುಕುವಳು, ಮತ್ತೆ ಎತ್ತಿಕೊಳ್ಳುವಳು. ಕೊನೆಗೆ ಹುಳುವನ್ನು ಇರುವೆಗಳು ಒಯ್ದವು. ನಾನು ಕೂತು ಅತ್ತುಬಿಟ್ಟೆ.

ಶಾಲೆಯಲ್ಲಿ ಪಾಠ ಮಾಡಿ ಬಂದ ಎವರ್ಟ್ ಬೈಯಲಿಲ್ಲ, ಬೈದಿದ್ದರೆ ಹಗುರಾಗುತ್ತಿತ್ತು. ಒಂದೊಂದು ಕಡ್ಡಿಯ ಜಾಗವನ್ನೂ ಬರೆದಿಟ್ಟ ನಕ್ಷೆ ತೆಗೆದ. ನನ್ನ ಕಸದ ರಾಶಿಯಿಂದ ಎಲ್ಲವನ್ನೂ ಆರಿಸಿ ಜೋಡಿಸುತ್ತಿದ್ದಾಗ ಅತ್ತೆ ಬಂದರು. ಚೀಲ ಕೆಳಗಿಟ್ಟು, ನನ್ನ ಚಂದದ ಗೀರುಗಳ ಮೇಲೇ ಮಂಡಿಯೂರಿದರು. “ಆ ಕಾಯಿ ಇನ್ನೊಂದು ಗೇಣು ಪಂಪಿನ ಕಡೆಗಿಡು ಕಣೇ. ಮೂರು ವರ್ಷದಿಂದ ದಾಟ್ಕೊಂಡು ಓಡಾಡ್ತಿದೀನಿ, ನಂಗೊತ್ತಿಲ್ವಾ?”

ಬಿಸಿಲು ಇಳಿಯುವ ಹೊತ್ತಿಗೆ ಹಳದಿ ಚುಕ್ಕೆಯವಳು ಬಂದಳು. ಪೈನ್ ಕಾಯಿಯ ಸುತ್ತ ಹಾರಿ, ಇಳಿದು, ಕಲ್ಲು ಸರಿಸಿದಳು. ಒಂದು ಬಾಗಿಲು ಸಿಕ್ಕಿತು, ಇನ್ನೆರಡು ಸಿಕ್ಕಲಿಲ್ಲ. ಉಳಿದವನ್ನು ನಾಳೆ ನೋಡೋಣವೆಂದರೆ ಭಾನುವಾರ, ಕೆಲಸ ಮಾಡುವಂತಿಲ್ಲವಲ್ಲ ಎಂದು ನಾನು ಹಿಂಜರಿದರೆ ಅತ್ತೆ, “ಚರ್ಚಿಂದ ಬಂದ್ಮೇಲೆ ನೋಡೋಣ. ನೋಡೋದೇನೂ ಕೆಲಸ ಅಲ್ಲ” ಅಂದರು.

ಅಪ್ಪನಿಗೆ ನನ್ನ ಮುತ್ತು. ಮೊಣಕಾಲಿಗೆ ಬಿಸಿನೀರಿನ ಶಾಖ ಕೊಡುವುದನ್ನು ಮರೆಯಬೇಡ.

ನಿನ್ನ
ಲೀಸ್

ಮರೆತಿದ್ದೆ: ನನ್ನ ಕೋಣೆ ಖಾಲಿ ಮಾಡಿ ಹೊಲಿಗೆ ಯಂತ್ರ ಇಡುತ್ತೇನೆಂದು ಬರೆದಿದ್ದೆಯಲ್ಲ, ಇಡು. ಕಿಟಕಿಯ ಕೆಳಗಿನ ಮುರುಕು ನೀಲಿ ಕುರ್ಚಿಯನ್ನು ಮಾತ್ರ ಸರಿಸಬೇಡ, ಅಮ್ಮಾ. ಆಗಸ್ಟಿನಲ್ಲಿ ನಾನು ಬರುವವರೆಗಾದರೂ.