ಹುಳ ಅಂದುಬಿಟ್ಟೆ

ಜೂನ್ ೧೭, ಮಂಗಳವಾರ. ಕುಣಿಗಲ್.

ಎಂಥ ದರಿದ್ರ ಪದ ಬಾಯಿಗೆ ಬಂತು!

ತಮ್ಮ ಮುತ್ತುರಾಜನ ಕರುಳಿನ ಕ್ಯಾನ್ಸರ್ ಲಿವರ್‌ಗೂ ಹರಡಿದೆ. ಇಷ್ಟು ಚಿಕ್ಕ ವಯಸ್ಸಿಗೇ ಯಾಕೆ ಎಂದು ಕೇಳಿದ್ದಕ್ಕೆ ತುಮಕೂರಿನ ಡಾಕ್ಟರು, ಕರುಳಿನ ಕೆಲವು ಬ್ಯಾಕ್ಟೀರಿಯಾಗಳ ವಿಷ ಚಿಕ್ಕಂದಿನಲ್ಲೇ ಅಲ್ಲಿನ ಜೀವಕೋಶಗಳನ್ನು ಕೆಡಿಸಿರಬಹುದು, ಖಚಿತವಾಗಿ ಹೇಳಲಾಗದು ಎಂದರು. ಅವ್ವನಿಗೆ ಇವತ್ತಾದರೂ ನಿಜ ಹೇಳೋಣವೆಂದು, “ಕರುಳಲ್ಲಿ ಒಂಥರಾ ಹುಳ ಇರ್ತವಂತೆ ಕಣವ್ವ” ಎಂದು ಶುರುಮಾಡಿದೆ.

“ಹುಳಾನಾ? ಅಷ್ಟೇನಾ? ಬುಡು, ನಾನೆಲ್ಲೋ ಕ್ಯಾನ್ಸರ್ರೇನೋ ಅಂತ ಹೆದರ್ಕಂಡಿದ್ದೆ!”

ಅವಳ ಮುಖ ನೋಡಿ ಉಳಿದದ್ದನ್ನು ನುಂಗಿಕೊಂಡೆ. ಬೇವಿನ ಸೊಪ್ಪು ಅರೆದು ತಂದಳು. ನೀರೂ ನಿಲ್ಲದ ಹೊಟ್ಟೆಗೆ ಅವನು ಅಷ್ಟನ್ನೂ ಕುಡಿದ.

“ಕಹಿ ಆಯ್ತೇನ್ಲಾ?”

“ಇಲ್ಲ ಕಣವ್ವ.”

ಈಗ ಬಚ್ಚಲಲ್ಲಿ ವಾಂತಿ ಮಾಡುತ್ತಿದ್ದಾನೆ, ಅವಳಿಗೆ ಕೇಳದಿರಲೆಂದು ನಲ್ಲಿ ಜೋರಾಗಿ ಬಿಟ್ಟುಕೊಂಡು. ಅವ್ವ ನಾಳೆಗೂ ಸೊಪ್ಪು ಬಿಡಿಸುತ್ತಿದ್ದಾಳೆ.