ಬಿಭಾಳ ಪತ್ತಾ

ಮಾರ್ಚ್ 12, ಬೆಳಿಗ್ಗೆ 6
ಚಹಾ ಆರಿತು. ಕನ್ನಡ ನಕ್ಷತ್ರಪಟ್ಟಿಗೆ ಇನ್ನೂ ನಲವತ್ತು ಹೆಸರು ಬಾಕಿ. ಕಂಪ್ಯೂಟರಿನಲ್ಲಿ ನಕ್ಷತ್ರದ ಹೆಸರನ್ನು ಕನ್ನಡದಲ್ಲಿ ಟೈಪ್ ಮಾಡಿದರೆ, ಆಕಾಶದಲ್ಲಿ ಅದರ ಜಾಗದ ಅಂಕಿ ಸಿಗಬೇಕು, ಟೆಲಿಸ್ಕೋಪ್ ತಾನೇ ಅತ್ತ ತಿರುಗಬೇಕು. ಇಷ್ಟೇ ಕೆಲಸ. ಇಷ್ಟೇ ಅಂತೆ!

ಅಪ್ಪನಿಗೆ ವಿವರಿಸಿದೆ. "ಅಂದ್ರ ನೀನೂ ಪೋಸ್ಟ್‌ಮನ್ನೇ ಆದಿ ಬಿಡು" ಅಂದ. ಮೂವತ್ತೊಂದು ವರ್ಷ ಗಾಜಿಪುರದಲ್ಲಿ ಟಪಾಲು ಹಂಚಿದವನು. ಪತ್ತಾ, ಅಂದರೆ ವಿಳಾಸ, ಇಲ್ಲದೆ ಬರೀ ಹೆಸರಿದ್ದರೂ ಕಾಗದ ಮನೆ ಮುಟ್ಟಿಸುತ್ತಿದ್ದ. ಆ ಜಂಬ ಇನ್ನೂ ಇಳಿದಿಲ್ಲ.

28ಕ್ಕೆ ಕಮಲಾಪುರದ ಶಾಲೆಯಲ್ಲಿ ಪ್ರದರ್ಶನ. ಸರಿಹೋದರೆ ಪಟ್ಟಿಯ ಮೇಲೆ ನನ್ನ ಹೆಸರು, ಇಲ್ಲದಿದ್ದರೆ ಹಳೆಯ ಇಂಗ್ಲಿಷ್ ಪಟ್ಟಿಯೇ ಗತಿ — ನಮ್ಮ ಕಾಲೇಜಿನ ಹೆಡ್ ವಿದ್ಯಾವತಿ ಮೇಡಂ ಮಾತು. ನನ್ನಂಥ ಗೆಸ್ಟ್ ಲೆಕ್ಚರರ್ ಹೆಸರು ಎಲ್ಲಿಯಾದರೂ ಅಚ್ಚಾಗಿದೆಯೇ? ಈ ಸಲ ಆಗಬೇಕು.

ಮಾರ್ಚ್ 22
ಕಮಲಾಪುರದಲ್ಲಿ ಟ್ರಯಲ್. ಸಂಜೆ ಏಳೂವರೆ. 'ಬಿಭಾ' ಎಂದು ಟೈಪ್ ಮಾಡಿದೆ. ನಮ್ಮ ದೇಶದವರೇ ಹೆಸರಿಟ್ಟ ನಕ್ಷತ್ರ. ಅದಕ್ಕೊಂದು ಗ್ರಹ, ಸಂತಮಸ. ಗ್ರಹ ಕಾಣದು, ನಕ್ಷತ್ರ ಕಂಡರೆ ಸಾಕು.

ಟೆಲಿಸ್ಕೋಪ್ ಗರ್ರೆಂದು ತಿರುಗಿ, ತಲೆ ತಗ್ಗಿಸಿ, ಬಾಳೆ ತೋಟಕ್ಕೆ ಮುಖ ಮಾಡಿ ನಿಂತಿತು.

ಹೆಡ್ಮಿಸ್ ಜಯದೇವಿ: "ಮೇಡಂ, ನಮ್ಮ ಕೆಂಪು ಬಾಳಿಗಿಡದಾಗೂ ಗ್ರಹ ಅವ ಏನ್ರೀ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಬಸ್ಸಿನಲ್ಲಿ ಅಳು ಬಂತು.

ಮಾರ್ಚ್ 23
ಬಿಭಾಳ ಅಂಕಿಯನ್ನು ಇಂಗ್ಲಿಷ್ ಪಟ್ಟಿಯೊಂದಿಗೆ ಮೂರು ಸಲ ತಾಳೆ ನೋಡಿದೆ. 9.93. ಅಂಕಿ ಸರಿಯೇ ಇದೆ...

ಅಪ್ಪ ಅಂದ, "ಪತ್ತಾ ಖರೇ ಅದ ಅಂತಿ. ಹಂಗಿದ್ರ ಖಾನೆ ನೋಡವ್ವ. ಪತ್ತಾ ಸರಿ ಇದ್ದೂ ಕಾಗದ ದಾರಿ ತಪ್ಪಿದ್ರ, ಸಾರ್ಟಿಂಗ್ ಮಾಡೋನು ಬ್ಯಾರೆ ಖಾನೆದಾಗ ಇಟ್ಟಾನ ಅಂತನ ತಿಳಿ."

ಖಾನೆ! ನನ್ನ ಪಟ್ಟಿಯಲ್ಲಾದರೆ ಕಾಲಮ್ಮು. ಆಕಾಶದ ಪೂರ್ವ-ಪಶ್ಚಿಮ ಅಳತೆಯನ್ನು ಗಂಟೆಯಲ್ಲೂ ಅಳೆಯುತ್ತಾರೆ, ಡಿಗ್ರಿಯಲ್ಲೂ. ನನ್ನ ಅಂಕಿ ಗಂಟೆಯದು. ತುಂಬಿದ್ದು ಡಿಗ್ರಿಯ ಕಾಲಮ್ಮಿಗೆ. ಗಂಟೆಗೆ ಹದಿನೈದು ಡಿಗ್ರಿ — ಗುಣಿಸಿದೆ. ಹೆಚ್ಚೂಕಡಿಮೆ 149. ಥೂ ನನ್ನ ಎಂ.ಎಸ್ಸಿ.ಗಿಷ್ಟು!

ಮಾರ್ಚ್ 28
ಅಪ್ಪನನ್ನೂ ಕರೆದೊಯ್ದೆ. ಅವನ ಕೈಯಿಂದಲೇ 'ಬಿಭಾ' ಎಂದು ಟೈಪ್ ಮಾಡಿಸಿದೆ, ಒಂದೇ ಬೆರಳಲ್ಲಿ. ಟೆಲಿಸ್ಕೋಪ್ ಈ ಸಲ ತಲೆ ಎತ್ತಿತು. ವಿದ್ಯಾವತಿ ಮೇಡಂ ನಕ್ಷೆ ಹಿಡಿದು ಚುಕ್ಕಿಗೆ ಚುಕ್ಕಿ ಹೋಲಿಸಿ ನೋಡಿದರು. "ಅದೇ! ಬರೋಬ್ಬರಿ ಅದೇ, ಗುರುದೇವಿ!"

ಅಪ್ಪ ಬಹಳ ಹೊತ್ತು ಟೆಲಿಸ್ಕೋಪಿನಿಂದ ಕಣ್ಣು ಕೀಳಲಿಲ್ಲ. "ಮನಿ ಸಿಕ್ತು" ಅಂದ. ಆಮೇಲೆ ಸಾಲಿನಲ್ಲಿ ನಿಂತ ಒಂದೊಂದು ಮಗುವಿಗೂ — "ಪತ್ತಾ ಹಚ್ಚಿದಾಕಿ ನನ್ನ ಮಗಳು." ಜಯದೇವಿಯವರಿಗಂತೂ ಎರಡು ಸಲ ಹೇಳಿದ. ನನಗೆ ನಾಚಿಕೆ. ಸುಳ್ಳೇಕೆ, ಹಿಗ್ಗಿಹೋದೆ.

ಮಾರ್ಚ್ 29
ಪಟ್ಟಿ ಕಳಿಸುವ ದಿನ. ತಯಾರಿಸಿದವರು: ಗುರುದೇವಿ. ಬೆರಳು ಅಲ್ಲೇ ನಿಂತಿತು. ಅದರ ಮೇಲಿನ ಸಾಲಿನಲ್ಲಿ ಅಪ್ಪನ ಹೆಸರು ಸೇರಿಸಿದೆ — ಅಮೋಘಪ್ಪ, ಪೋಸ್ಟ್‌ಮನ್, ಗಾಜಿಪುರ.

ಪ್ರಿಂಟ್ ತೆಗೆದು ಕೊಟ್ಟೆ. ಅಪ್ಪ ಕನ್ನಡಕ ಹಾಕಿ ಓದಿದ. ಗೂಟದಲ್ಲಿದ್ದ ಹಳೆಯ ಟಪಾಲು ಚೀಲ ಹೆಗಲಿಗೇರಿಸಿ, ಕಾಗದ ಅದರಲ್ಲಿಟ್ಟುಕೊಂಡು ಹೊರಗೆ ನಡೆದ.

ಈಗ ಎದುರು ಮನೆ ಶಾಹಜಾದಿ ಚಾಚಿಯ ಬಾಗಿಲು ಬಡಿಯುತ್ತಿದ್ದಾನೆ. "ಟಪಾಲ್!" ಅಂತ ಕೂಗು... ಓಣಿಯ ಬಾಗಿಲೆಲ್ಲ ತೆರೆದುಕೊಳ್ಳುತ್ತಿವೆ. ಅಯ್ಯೋ, ನನ್ನನ್ನೇ ಕರೆಯುತ್ತಿದ್ದಾರೆ, ತಲೆ ಬಾಚಿಲ್ಲ, ಹೋಗಿ—