ಭಾರವಾದ ಹೆಸರು

ಜನವರಿ 6, ಸೋಮವಾರ

ಇವತ್ತೂ ಮೊಬೈಲ್ ಹಿಡಿದು ಮನೆಯಿಡೀ ನಡೆದೆ. ಚಾವಡಿಯಲ್ಲಿ ವೈಫೈ ಸಿಗ್ನಲ್ ಪೂರ್ತಿ. ನಡುಮನೆಯಲ್ಲಿ ಅರ್ಧ. ಹಿಂದಿನ ಕೋಣೆಗಳಲ್ಲಿ ಸೊನ್ನೆ. ಅಪ್ಪ ಬೆಳ್ಳಿ ಕೆಲಸದಲ್ಲಿ ನಾಲ್ಕು ಕಾಸು ಕಂಡಾಗ ಎಬ್ಬಿಸಿದ ಗೋಡೆಗಳು, ಮೊಳ ದಪ್ಪದವು. ಬಾಡಿಗೆಗಿರುವ ಕಾಲೇಜು ಹುಡುಗಿಯರೆಲ್ಲ ಚಾವಡಿ ಮೆಟ್ಟಿಲ ಮೇಲೇ ಕೂತು ಓದುತ್ತಾರೆ. ಅವರಲ್ಲಿ ಬಾಯಿ ಜೋರಿನವಳು ಲಿಂಟಂಗ್. "ದೊಡ್ಡಮ್ಮ, ಈ ಗೋಡೆ ಏನು ಡಚ್ಚರನ್ನ ತಡೆಯೋಕೆ ಕಟ್ಟಿದ್ದಾ?" ಎಂದು ನನ್ನನ್ನು ಕೆಣಕಿದಳು.

ಅಪ್ಪನೂ ಹೀಗೇ ನಡೆಯುತ್ತಿದ್ದ. ರೇಡಿಯೋ ಎದೆಗವಚಿಕೊಂಡು, ಬೊಂಬೆಯಾಟದ ಕಥೆ, ಹಾಡು ಬರುವ ಸ್ಟೇಷನ್ ಹುಡುಕುತ್ತಾ... ಸಿಕ್ಕ ಕಡೆ ಚಾಪೆ ಹಾಸುವುದು. ಒಮ್ಮೆ ಬಚ್ಚಲ ಬಾಗಿಲಲ್ಲಿ ಸಿಕ್ಕಿತು. ಮನೆಮಂದಿಯೆಲ್ಲ ಅಲ್ಲೇ ಕೂತೆವು. ಎಷ್ಟು ಚೆನ್ನಾಗಿತ್ತು.

ಜನವರಿ 9, ಗುರುವಾರ

ಸಿಗ್ನಲ್ ಒಳಕ್ಕೆ ದಾಟಿಸುವ ಮೂರು ಡಬ್ಬಿಗಳು ಬಂದವು. ಒಂದು ಚಾವಡಿಯ ಮೋಡೆಮ್ ಪಕ್ಕ, ಒಂದು ಅಡುಗೆಮನೆ ಗೂಡಿನಲ್ಲಿ. ನಡುವಿನದೇ ತಕರಾರು. ನಡುಕೋಣೆ ಭತ್ತದ ದೇವಿಯದು, ಅಮ್ಮ ಸುತರಾಂ ಬಿಡಲಿಲ್ಲ. ಬಾಗಿಲ ಹೊರಗೆ ಸ್ಟೂಲ್ ಹಾಕಿ ಇಟ್ಟೆ.

ನೆಟ್‌ವರ್ಕ್‌ಗೊಂದು ಹೆಸರು ಕೇಳಿತು. ಯೋಚಿಸಲೇ ಇಲ್ಲ, ಅಪ್ಪನ ಹೆಸರು ಬರೆದೆ. ಸಾಸ್ತ್ರೋವಿಯೋತೋ. ಅಪ್ಪ ಹೋದ ಮೇಲೆ ಈ ಮನೆಯಲ್ಲಿ ಆ ಹೆಸರು ಯಾರ ಬಾಯಲ್ಲೂ ಬಂದಿಲ್ಲ. ಅಮ್ಮ "ನಿಮ್ಮಪ್ಪ" ಅನ್ನುತ್ತಾಳೆ, ಅದೂ ಅಪರೂಪಕ್ಕೆ. ಯಾರಾದರೂ ಅನ್ನಲಿ ಎಂಬ ಆಸೆ.

ಜನವರಿ 12, ಭಾನುವಾರ

ಕೊನೆಯ ಕೋಣೆಗೂ ಮುಟ್ಟಿತು! "ಸಾಸ್ತ್ರೋ ಅಜ್ಜ ಇವತ್ತು ಸಖತ್ ಫಾಸ್ಟು ಕಣ್ರೇ!" — ಲಿಂಟಂಗ್. ಅಡುಗೆಮನೆಯಲ್ಲಿ ನಿಂತು ಕೇಳಿಸಿಕೊಂಡೆ. ಕಣ್ಣು ತುಂಬಿತು.

ಜನವರಿ 14, ಮಂಗಳವಾರ, ಸಂಜೆ

ನಮ್ಮದು ಚಿಕ್ಕ ಮೀಟರು. ನೀರಿನ ಪಂಪು, ಅನ್ನದ ಕುಕ್ಕರು, ಇಸ್ತ್ರಿಪೆಟ್ಟಿಗೆ ಒಟ್ಟಿಗೆ ಓಡಿದರೆ ಟಕ್ಕೆಂದು ಬಿದ್ದು ಕರೆಂಟು ಹೋಗುತ್ತದೆ. ಬಿತ್ತು. ಹಿಂದಿನ ಕೋಣೆಯಿಂದ ಕೂಗು —

"ದೊಡ್ಡಮ್ಮಾ! ಸಾಸ್ತ್ರೋ ಅಜ್ಜ ಸತ್ತ!"

ನಾವೆಲ್ಲ ಹಾಗೇ ಅನ್ನುವುದು. ಕರೆಂಟ್ ಸತ್ತಿತು, ನೆಟ್ ಸತ್ತಿತು. ಅಮ್ಮನ ಕೈಯಿಂದ ಸೌಟು ಬಿತ್ತು. "ಯಾರು ಸತ್ರು?" ಎಂದು ಕೇಳಿದಳು.

ಜನವರಿ 26, ಭಾನುವಾರ

ದಿನಾ ಇದೇ ಗೋಳು. ಹುಡುಗಿಯರಿಗೆ ಕೂಗಬೇಡಿ ಎಂದೆ. ಈಗ ಪಿಸುಗುಟ್ಟುತ್ತಾರೆ... ಅದು ಇನ್ನೂ ಕೆಟ್ಟದಾಗಿ ಕೇಳಿಸುತ್ತದೆ. ಹೆಸರು ಅಳಿಸೋಣವೆಂದು ಕೂರುತ್ತೇನೆ, ಕೈ ಬರುವುದಿಲ್ಲ. ಇವತ್ತು ಅಮ್ಮನೇ ಬಾಯಿ ಬಿಟ್ಟಳು.

"ಆ ಹೆಸರು ಆ ಡಬ್ಬಿಗೆ ಭಾರ ಆಗಿದೆ ಕಣೆ. ತಡ್ಕೊಳ್ಳೋಕಾಗ್ತಿಲ್ಲ, ಬಿದ್ದು ಬಿದ್ದು ಹೋಗ್ತಿದೆ."

"ಭಾರ ಪಂಪಿಂದಮ್ಮ, ಹೆಸರಿಂದಲ್ಲ."

"ನಿಂಗೂ ಹಿಂಗೇ ಆಗಿತ್ತು. ಒಬ್ಬ ಮಹಾರಾಣಿ ಹೆಸರಿಟ್ವಿ, ಬರೀ ಜ್ವರ. ವುರಿ ಅಂತ ಬದಲಾಯಿಸಿದ್ಮೇಲೇ ಗುಂಡಗಾಗಿದ್ದು. ಇನ್ನೂ ಕರಗಿಲ್ಲ ನೋಡು."

ನಗಲಿಲ್ಲ. ಅದನ್ನೂ ತೆಗೆದರೆ ಈ ಮನೆಯಲ್ಲಿ ಅಪ್ಪನದು ಅಂತ ಏನಿರುತ್ತೆ ಎಂದೆ. ಜೋರಾಗಿಯೇ ಅಂದುಬಿಟ್ಟೆ. ಅಮ್ಮ ಎದ್ದು ಕ್ಯಾಲೆಂಡರಿನ ಮೇಲೆ ಬೆರಳಿಟ್ಟು ದಿನ ಎಣಿಸಿದಳು.

"ಗುರುವಾರ ಅವರು ಹುಟ್ಟಿದ ದಿನ ಬರುತ್ತೆ. ಅವತ್ತು ಮಾಡೋಣ. ಹೆಸರು ನಾನು ಹೇಳ್ತೀನಿ."

ಜನವರಿ 30, ಗುರುವಾರ, ನಮ್ಮ ಐದು ದಿನದ ವಾರದಲ್ಲಿ ಪಾಹಿಂಗ್

ಮಕ್ಕಳ ಹೆಸರು ಬದಲಿಸುವಾಗ ಮಾಡುವಂತೆ ಕೆಂಪು ಗಂಜಿ, ಬಿಳಿ ಗಂಜಿ. ಸ್ಟೂಲಿನ ಮುಂದೆ ಎರಡು ಬಟ್ಟಲು. ಹುಡುಗಿಯರಿಗೆ ನಗು ತಡೆಯಲಾಗುತ್ತಿಲ್ಲ. "ಅಜ್ಜಿ, ಡಬ್ಬಿಗೂ ನಾಮಕರಣಾನಾ!"

"ಸುಮ್ನಿರೇ ಲಿಂಟಂಗ್. ಬಟ್ಟಲು ನೆಕ್ಕೋಕೆ ಮೊದಲು ಬರೋಳು ನೀನೇ." ಆಮೇಲೆ ನನ್ನ ಕಡೆ ತಿರುಗಿ, "ಬರಿ. ಪೈಮಿನ್."

"ಯಾರಮ್ಮ ಅದು?"

"ನಿಮ್ಮಪ್ಪ. ಪಾಹಿಂಗ್ ದಿನ ಹುಟ್ಟಿದ್ದಕ್ಕೆ ಅವರಮ್ಮ ಇಟ್ಟಿದ್ದು. ಸಾಸ್ತ್ರೋವಿಯೋತೋ ಅನ್ನೋದು ಮದುವೆ ದಿನ ನಮ್ಮಪ್ಪ ಕೊಟ್ಟ ದೊಡ್ಡ ಹೆಸರು. ಆಮೇಲೆ ಪೈಮಿನ್ ಅಂತ ಯಾರೂ ಕರೀಲಿಲ್ಲ. ಅದಕ್ಕೆ ಮುಂಚೆ ನಾನು ಕರೀತಿದ್ದೆ... ಯಾರಿಗೂ ಕೇಳಿಸದ ಹಾಗೆ."

ಮದುವೆಯಾದ ಗಂಡಸಿಗೆ ಹೊಸ ಹೆಸರು ಬರುವುದು ನಮ್ಮ ಓಣಿಯಲ್ಲಿ ಯಾರಿಗೆ ಗೊತ್ತಿಲ್ಲ? ಅಪ್ಪನಿಗೂ ಒಂದು ಹಳೆಯದು ಇದ್ದಿರಬೇಕೆಂದು ಮಾತ್ರ ನನಗೆ ಹೊಳೆದಿರಲೇ ಇಲ್ಲ. ಬರೆದೆ.

"ಗೋರಿ ಮೇಲೆ ಇರೋದು ಸಾಸ್ತ್ರೋವಿಯೋತೋ," ಎಂದಳು ಅಮ್ಮ, ಗಂಜಿ ಹಂಚುತ್ತಾ. "ಪೈಮಿನ್ ಎಲ್ಲಿ ಸತ್ತಿದ್ದಾನೆ?"

ಮೊದಲ ಬಟ್ಟಲು ಲಿಂಟಂಗ್ ಕೈಗೇ ಇಟ್ಟಳು.

ಫೆಬ್ರವರಿ 8, ಶನಿವಾರ, ಸಂಜೆ

ಈಗಷ್ಟೇ ಮೀಟರು ಬಿತ್ತು. ಯಾರದೋ ಇಸ್ತ್ರಿ. ಕಿಟಕಿ ಬೆಳಕಿನಲ್ಲಿ ಬರೆಯುತ್ತಿದ್ದೇನೆ.

"ಅಜ್ಜೀ, ಪೈಮಿನ್ ಹೋದ!"

"ಎಲ್ಲಿಗೆ ಹೋಗ್ತಾನೆ? ಬರ್ತಾನೆ ಬಿಡು."

ಮೀಟರು ಹಾಕಲು ಎದ್ದೆ. ಅಮ್ಮ "ಸ್ವಲ್ಪ ತಡಿ" ಎಂದಳು. ತುರುಬು ಬಿಚ್ಚಿ ಮತ್ತೆ ಕಟ್ಟಿಕೊಂಡಳು. ನಡುಮನೆಗೆ ಹೋಗಿ ಸ್ಟೂಲಿನ ಮುಂದೆ ನಿಂತಿದ್ದಾಳೆ. ಇಲ್ಲಿಂದ ಬೆನ್ನು ಮಾತ್ರ ಕಾಣುತ್ತದೆ. ಬಾಗಿ, ಮೆಲ್ಲಗೆ, ನಾನು ಯಾವತ್ತೂ ಕೇಳದ ಒಂದು ದನಿಯಲ್ಲಿ ಕರೆಯುತ್ತಿದ್ದಾಳೆ —